ಇಂಟರ್ನ್ ಮೀಮಾಂಸೆ: ಮೃದು ಕೌಶಲ ಮತ್ತು ಕೊರಳ ಟ್ಯಾಗು

ವಿದ್ಯಾರ್ಥಿಗೂ ನೌಕರನಿಗೂ ನಡುವಣ ತ್ರಿಶಂಕು ಸ್ಥಿತಿಗೆ ಇಂಟರ್ನ್‌ಶಿಪ್ ಎಂದು ಹೆಸರು. ಈ ಅವಧಿಯಲ್ಲಿ ಹುಡುಗ ಕಂಪನಿಯ ಪಾಲು ಎಂದು ಕಾಲೇಜೂ, ಕಾಲೇಜಿನ ಪಾಲು ಎಂದು ಕಂಪನಿಯೂ ನಿಶ್ಚಿಂತೆಯಿಂದಿರುತ್ತವೆ. ನಾಲ್ಕು ವರ್ಷದ ಎಂಜಿನಿಯರಿಂಗ್ ಪದವಿಯಲ್ಲಿ ಇದಕ್ಕೆ 600ರಿಂದ 700 ಗಂಟೆ ಮೀಸಲಿಡಬೇಕೆಂಬುದು ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇಯ ನೀತಿ. ಲ್ಯಾಪ್‌ಟಾಪ್ ಕೈಗೆ ಬರುವವರೆಗೆ ಸೋಫಾದಲ್ಲಿ ಕೂತ ಹೊತ್ತು ಇದರಲ್ಲಿ ಸೇರುತ್ತದೆಯೇ ಎಂಬ ಬಗ್ಗೆ ಭಾಷ್ಯಕಾರರಲ್ಲಿ ಒಮ್ಮತವಿಲ್ಲ.

ಈ ಗಂಟೆಗಳಲ್ಲಿ ಕಲಿಯಬೇಕಾದದ್ದು ಸಾಫ್ಟ್ ಸ್ಕಿಲ್, ಅಂದರೆ ಮೃದು ಕೌಶಲ. ಈ ಮಾತನ್ನು ಚಲಾವಣೆಗೆ ತಂದದ್ದು ಅಮೆರಿಕದ ಸೇನೆ. ಮೃದುತ್ವಕ್ಕೆ ಹೆಸರಾದ ಸಂಸ್ಥೆಯೇನಲ್ಲ. 1972ರ ಹೊತ್ತಿಗೆ ಅಲ್ಲಿನ ತರಬೇತುದಾರರು ಯಂತ್ರದ ಸಹವಾಸ ಹೆಚ್ಚಿಲ್ಲದ ಕೆಲಸವನ್ನೆಲ್ಲ ಮೃದುವಿನ ಖಾತೆಗೆ ಹಾಕಿದ್ದರು. ಈ ಲಕ್ಷಣವನ್ನು ಬೆಂಗಳೂರಿನ ಆಫೀಸಿಗೆ ಅನ್ವಯಿಸಿದರೆ ಜೆರಾಕ್ಸ್ ತೆಗೆಯುವುದು ಕಠಿಣ ಕೌಶಲ. ಪೇಪರ್ ಇಟ್ಟಿರುವ ಬೀರುವಿನ ಕೀಲಿಯನ್ನು ಅಟೆಂಡರ್‌ನಿಂದ ಪಡೆಯುವುದು ಮೃದು ಕೌಶಲ. ಕಷ್ಟದ್ದು ಎರಡನೆಯದೇ. ಮೊದಲ ವಾರ “ಕೀ ಎಲ್ಲಿದೆ?” ಎಂದು ಕೇಳಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕಾದವನು, ನಾಲ್ಕನೆಯ ವಾರಕ್ಕೆ “ಅಣ್ಣಾ, ಟೀ ಆಯ್ತಾ?” ಎಂದು ಶುರುಮಾಡಿ, ಅಣ್ಣನ ಮಗಳ ಪಿಯುಸಿ ಮಾರ್ಕ್ಸ್ ವಿಚಾರಿಸಿ, ಕೀಲಿಯ ಮಾತೇ ಎತ್ತದೆ ಕೀಲಿ ಗಿಟ್ಟಿಸುತ್ತಾನೆ. ಸರ್ಟಿಫಿಕೇಟಿನಲ್ಲಿ ‘ಉತ್ತಮ ಸಂವಹನ’ ಎಂದು ಬೀಳುವುದು ಇದೇ. ನಾಯಕತ್ವ, ತಂಡಸ್ಫೂರ್ತಿ ಮುಂತಾದ ಪ್ರಭೇದಗಳು ವರದಿಯಲ್ಲಿ ಹೇರಳ, ಆಫೀಸಿನಲ್ಲಿ ವಿರಳ.

ಆತ್ಮಗೌರವವನ್ನು ಅಳೆಯಲು ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಹತ್ತು ಹೇಳಿಕೆಗಳ ಅಳತೆಗೋಲು ಕೊಟ್ಟರು. ಇಂಟರ್ನ್‌ನ ಆತ್ಮಗೌರವ ಅಳೆಯಲು ಅಷ್ಟು ಬೇಕಿಲ್ಲ, ಕೊರಳಲ್ಲಿ ತೂಗುವ ಟ್ಯಾಗ್ ಒಂದೇ ಸಾಕು. ಆಫೀಸಿನೊಳಗೆ ಅದು ಜೇಬಿನಲ್ಲಿರುತ್ತದೆ, ಏಕೆಂದರೆ ಅದರ ಮೇಲೆ ‘ಇಂಟರ್ನ್’ ಎಂದಿದೆ. ಸಿಲ್ಕ್ ಬೋರ್ಡಿನಲ್ಲಿ ಬಸ್ಸು ಹತ್ತುವಾಗ ಹೊರಗೆ ಬರುತ್ತದೆ. ಊರ ಜಾತ್ರೆಯಲ್ಲಿ ತೇರು ಎಳೆಯುವಾಗಲೂ ಎದೆಯ ಮೇಲೆ ತೂಗಾಡಿದ್ದು, “ಸಂಬಳ ಎಷ್ಟಪ್ಪಾ?” ಎಂದು ಸೋದರಮಾವ ಕೇಳಿದ ಕ್ಷಣ ಅಂಗಿಯೊಳಗೆ ಇಳಿಯುತ್ತದೆ. ಸ್ಟೈಪೆಂಡ್ ಪಡೆಯುವ ಬದಲು ತಾವೇ ಫೀಸು ಕಟ್ಟಿ ಸರ್ಟಿಫಿಕೇಟ್ ತಂದವರೂ ಇದ್ದಾರೆ. ರೋಸೆನ್‌ಬರ್ಗ್ ಅಳತೆಗೋಲಿನಲ್ಲಿ ಸೊನ್ನೆಗಿಂತ ಕೆಳಗೆ ಅಂಕವಿಲ್ಲದ ಕಾರಣ ಈ ವರ್ಗವನ್ನು ಪ್ರಸ್ತುತ ಅಧ್ಯಯನದಿಂದ ಕೈಬಿಡಲಾಗಿದೆ.

ಕೊನೆಯ ಘಟ್ಟ ವೈವಾ. ಸ್ಪೈರಲ್ ಬೈಂಡಿಂಗ್ ಮಾಡಿಸಿದ ವರದಿಯನ್ನು ಬೆರಳಲ್ಲಿ ತೂಗಿ ನೋಡಿದ ಹೊರಗಿನ ಪರೀಕ್ಷಕರು, “ಏನು ಕಲಿತೆ?” ಎನ್ನುತ್ತಾರೆ. ಅಭ್ಯರ್ಥಿ ಒಂದು ಗಳಿಗೆ ಸುಮ್ಮನಿದ್ದು, “ಸರ್, ಕಾಫಿ ಆಯ್ತಾ?” ಎನ್ನುತ್ತಾನೆ.