ಆಚಾರ್ಯರೇ, ತಮ್ಮ ಉಂಬಳಿ ಊರಿನಿಂದ

ಪೂಜ್ಯ ದ್ರೋಣಾಚಾರ್ಯರ ಸನ್ನಿಧಾನಕ್ಕೆ,

ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಕುಶಲ ಎಂದದ್ದು ಕಾಗದ ಬರೆಯುವ ಪದ್ಧತಿಗಾಗಿ ಮಾತ್ರ. ನಿಜ ಸಂಗತಿ ಏನೆಂದರೆ ಲಿಫ್ಟ್ ನಿಂತಿದೆ, ಜನರೇಟರ್ ಗುಡುಗುತ್ತಿದೆ, ನೀರಿನ ಟ್ಯಾಂಕರ್ ಇನ್ನೂ ಬಂದಿಲ್ಲ. ಹಾಗಾಗಿ ಬರೆಯಲು ಪುರುಸೊತ್ತು ಸಿಕ್ಕಿದೆ.

ನಾನು ಕನ್ನಡನಾಡಿನವನು. ಹೊಟ್ಟೆಪಾಡಿಗಾಗಿ ಬಂದು ದೆಹಲಿಯ ಗಡಿಗೆ ಅಂಟಿಕೊಂಡಿರುವ ಗುರುಗ್ರಾಮದ ಒಂದು ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಇದ್ದೇನೆ. ಕೌರವ ಪಾಂಡವರು ತಮಗೆ ಗುರುದಕ್ಷಿಣೆಯಾಗಿ ಬಿಟ್ಟುಕೊಟ್ಟ ಹಳ್ಳಿ ಇದೇ ಎಂದು ಇಲ್ಲಿಯವರ ನಂಬಿಕೆ. ಆ ಲೆಕ್ಕದಲ್ಲಿ ನನ್ನ ಮನೆ ಮಾಲೀಕರಿಗೂ ಮಾಲೀಕರು ತಾವು. ಸೋರುವ ನಲ್ಲಿಯ ದೂರು ಮಾಲೀಕರಿಗೆ ಮುಟ್ಟಿಸುವುದು ಬಾಡಿಗೆದಾರನ ಧರ್ಮ. ತಾವೂ ಕೆಲಸ ಹುಡುಕುತ್ತ, ಹೆಂಡತಿ ಮಗನನ್ನು ಕಟ್ಟಿಕೊಂಡು ಹಸ್ತಿನಾವತಿಗೆ ಬಂದವರಲ್ಲವೇ? ಬಾವಿಗೆ ಬಿದ್ದ ಚೆಂಡನ್ನು ದರ್ಭೆಯಿಂದ ಎತ್ತಿಕೊಟ್ಟದ್ದೇ ತಮ್ಮ ಇಂಟರ್‌ವ್ಯೂ. ನಮ್ಮ ಕಷ್ಟ ತಮಗೆ ಅರ್ಥವಾಗದೆ ಇರದು.

2016ರ ಏಪ್ರಿಲ್‌ನಲ್ಲಿ ಹರಿಯಾಣ ಸರ್ಕಾರ ತಮ್ಮ ಗೌರವಾರ್ಥ ಗುಡಗಾಂವ್ ಎಂಬ ಹೆಸರನ್ನು ಗುರುಗ್ರಾಮ ಎಂದು ಬದಲಿಸುವುದಾಗಿ ಘೋಷಿಸಿತು. ಹೆಸರು ಬದಲಾಯಿಸುವುದಕ್ಕೆ ಬೋರ್ಡು ಬರೆಯುವವನು ಸಾಕು. ಚರಂಡಿ ಬದಲಾಯಿಸುವುದಕ್ಕೆ ಎಂಜಿನಿಯರು ಬೇಕು. ನಮ್ಮ ಬೆಂಗಳೂರಿಗೂ 2014ರಲ್ಲಿ ಹೊಸ ಕಾಗುಣಿತ ಬಂತು, ಬೆಳ್ಳಂದೂರು ಕೆರೆ ಮಾತ್ರ ನೊರೆ ಉಗುಳುತ್ತಲೇ ಇತ್ತು. ಆದ್ದರಿಂದ ಈ ವಿಷಯದಲ್ಲಿ ನಗುವ ಹಕ್ಕು ನನಗೆ ಅರ್ಧವೇ ಉಂಟು.

ತಮ್ಮ ಹಳ್ಳಿ ಇಷ್ಟೆತ್ತರ ಬೆಳೆದದ್ದು ಹೇಗೆ ಎಂದು ತಮಗೆ ಕುತೂಹಲವಿರಬಹುದು. ಹೇಳುತ್ತೇನೆ. ದೆಹಲಿಯಲ್ಲಿ 1957ರಲ್ಲಿ ಒಂದು ಅಭಿವೃದ್ಧಿ ಕಾಯಿದೆ ಬಂತು. ಇನ್ನು ಮೇಲೆ ಬಡಾವಣೆ ಕಟ್ಟುವುದು ಸರ್ಕಾರದ ಕೆಲಸ, ಖಾಸಗಿಯವರು ಹೊರಗೆ ನಿಲ್ಲಿ ಎಂದಾಯಿತು. ಅವರು ಹೊರಗೆ ನಿಂತರು. ಗಡಿಯ ಈಚೆಗೆ, ಸರಿಯಾಗಿ ನಮ್ಮ ಜಾಗದಲ್ಲಿ. ಹರಿಯಾಣ 1975ರಲ್ಲಿ ಬೇರೊಂದು ಕಾಯಿದೆ ಮಾಡಿ, ಲೈಸೆನ್ಸ್ ತೆಗೆದುಕೊಂಡು ಯಾರು ಬೇಕಾದರೂ ಕಾಲೊನಿ ಕಟ್ಟಬಹುದು ಎಂದಿತು. ಡಿಎಲ್ಎಫ್ ಕಂಪನಿ ರೈತರ ಮನೆ ಬಾಗಿಲಿಗೆ ಹೋಗಿ, ಹಾಲು ಕುಡಿದು, ಕಷ್ಟಸುಖ ಕೇಳಿ, ಹೊಲದ ಮೇಲೆ ಹೊಲ ಕೊಂಡಿತು. 1979ರಲ್ಲಿ ಫರೀದಾಬಾದ್ ಬೇರೆ ಜಿಲ್ಲೆಯಾಗಿ ಹೋಯಿತು. ಕಾರ್ಖಾನೆಗಳ ಬಹುಪಾಲು ಆ ಕಡೆಗೆ, ಕಲ್ಲುನೆಲ ಈ ಕಡೆಗೆ. ಇಂಥ ಪಾಲುಪಟ್ಟಿಯಲ್ಲಿ ಖಾಂಡವವನದ ಪಾಲು ಪಡೆದವರೇ ಕೊನೆಗೆ ಅರಮನೆ ಕಟ್ಟುತ್ತಾರೆ ಎಂಬುದು ತಮ್ಮ ಶಿಷ್ಯರ ಮನೆಯಲ್ಲೇ ತಾವು ಕಂಡ ಸಂಗತಿ. 1983ರಲ್ಲಿ ಇಲ್ಲಿಂದ ಮೊದಲ ಮಾರುತಿ ಕಾರು ಹೊರಬಂತು. 1997ರಲ್ಲಿ ಜಿಇ ಕಂಪನಿ ತನ್ನ ಕಾಗದಪತ್ರದ ಕೆಲಸವನ್ನು ಇಲ್ಲಿಗೆ ಸಾಗಿಸತೊಡಗಿತು. ಉಳಿದ ಕಂಪನಿಗಳು ಹಿಂಬಾಲಿಸಿದವು. 2001ರ ಜನಗಣತಿಯಲ್ಲಿ ಸುಮಾರು 8.7 ಲಕ್ಷವಿದ್ದ ಜಿಲ್ಲೆಯ ಜನಸಂಖ್ಯೆ 2011ಕ್ಕೆ 15 ಲಕ್ಷ ದಾಟಿತ್ತು.

ಇದರಲ್ಲಿ ಸ್ವಾರಸ್ಯ ಏನು ಗೊತ್ತೇ? ಗಾಜಿನ ಗೋಪುರಗಳೆಲ್ಲ ಏಳುತ್ತಿದ್ದಾಗ ಊರಿಗೆ ಒಂದು ಮಹಾನಗರಪಾಲಿಕೆಯೇ ಇರಲಿಲ್ಲ. ಅದು ಹುಟ್ಟಿದ್ದು 2008ರಲ್ಲಿ, ಅದಕ್ಕೆ ಮೊದಲ ಚುನಾವಣೆ ನಡೆದದ್ದು 2011ರಲ್ಲಿ. ಮಗು ಬೆಳೆದು, ಕಾಲೇಜು ಮುಗಿಸಿ, ಕಾರು ಕೊಂಡ ಮೇಲೆ ಹೆರಿಗೆ ಆಸ್ಪತ್ರೆಗೆ ಶಂಕುಸ್ಥಾಪನೆ ಮಾಡಿದ ಹಾಗೆ.

ಗುರುವಿಲ್ಲದ ಈ ಊರು ವಿದ್ಯೆ ಕಲಿತದ್ದು ಹೇಗೆ? ಇಲ್ಲಿ ತಮಗೆ ಸ್ವಲ್ಪ ಮುಜುಗರವಾದೀತು, ಕ್ಷಮಿಸಬೇಕು. ಏಕಲವ್ಯನ ದಾರಿಯಲ್ಲಿ ಕಲಿಯಿತು. ಒಂದೊಂದು ಅಪಾರ್ಟ್‌ಮೆಂಟೂ ಸರ್ಕಾರದ ಮಣ್ಣಿನ ಬೊಂಬೆಯನ್ನು ಎದುರಿಗೆ ಇಟ್ಟುಕೊಂಡು ಎಲ್ಲವನ್ನೂ ತಾನೇ ಕಲಿಯಿತು. ಕರೆಂಟು ಹೋದರೆ ಡೀಸೆಲ್ ಜನರೇಟರ್. ನಲ್ಲಿಯಲ್ಲಿ ಗಾಳಿ ಬಂದರೆ ಬೋರ್‌ವೆಲ್, ಬೋರ್‌ವೆಲ್ ಬತ್ತಿದರೆ ಟ್ಯಾಂಕರ್. ಪೊಲೀಸರ ಬದಲು ಗೇಟಿನಲ್ಲಿ ಸಮವಸ್ತ್ರದ ಕಾವಲುಗಾರರು. ಬಸ್ಸಿನ ಬದಲು ಕಂಪನಿಯ ಕ್ಯಾಬ್. ಕೊಳಚೆಗೂ ನೆಲಮಾಳಿಗೆಯಲ್ಲಿ ಸ್ವಂತ ಸಂಸ್ಕರಣಾ ಘಟಕ. ಸಂಸ್ಕಾರ ಹೆಚ್ಚಾಗಿ ಕಾಗದದ ಮೇಲೆ ಎಂದು ಮೂಗಿದ್ದವರು ಹೇಳುತ್ತಾರೆ. ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರಿಗೆ ಒಬ್ಬ ಸಾಮಂತರಾಜನಿಗಿಂತ ಹೆಚ್ಚಿನ ಖಾತೆಗಳಿವೆ. ಜಲ, ವಿದ್ಯುತ್, ಗೃಹ, ನಾಯಿ ಎಲ್ಲವೂ ಅವರವೇ. ಕೊನೆಯದರಲ್ಲಿ ರಕ್ತಪಾತ ಜಾಸ್ತಿ.

ಹೀಗೆ ಎಲ್ಲ ಕಲಿತಾದ ಮೇಲೆ ಗುರು ಕಾಡಿಗೇ ಬಂದು ದಕ್ಷಿಣೆ ಕೇಳುವುದು ಪುರಾಣದ ಕ್ರಮ. ಇಲ್ಲಿಯೂ ಕ್ರಮ ತಪ್ಪಿಲ್ಲ. ಮನೆ ಕೊಳ್ಳುವವನ ಬೆಲೆಯೊಳಗೇ ಬಾಹ್ಯ ಅಭಿವೃದ್ಧಿ ಶುಲ್ಕ ಅಡಗಿ ಕೂತಿರುತ್ತದೆ. ಅದು ಬಡಾವಣೆಯ ಬೇಲಿಯಾಚೆಗಿನ ದೊಡ್ಡ ರಸ್ತೆಗೆ, ಕೊಳವೆಗೆ, ಚರಂಡಿಗೆ ಎಂದು ಕಟ್ಟುವ ಹಣ. ಕಟ್ಟಿದವರು ಬೇಲಿಯ ಹತ್ತಿರ ನಿಂತು ಇಣುಕಿ ನೋಡುತ್ತಿರುತ್ತಾರೆ. ಆಮೇಲೆ ಆಸ್ತಿ ತೆರಿಗೆ ಬರುತ್ತದೆ. ಅದರ ಮೇಲೆ ತಿಂಗಳು ತಿಂಗಳು ಮೇಂಟೆನೆನ್ಸ್. ಒಂದು ಹೆಬ್ಬೆರಳಿಗೆ ಮೂರು ಸಲ ಕತ್ತಿ. ಏಕಲವ್ಯನಿಗೆ ತಾವು ಒಮ್ಮೆ ಮಾತ್ರ ಕೇಳಿದಿರಿ ಎಂಬುದನ್ನು ಕರಾವಳಿಯ ತಾಳಮದ್ದಳೆಯಲ್ಲಿ ತಮ್ಮ ಪರ ಮಾತಾಡುವ ಅರ್ಥಧಾರಿಗಳು ಗಮನಿಸಿದರೆ ವಾದಕ್ಕೆ ಹೊಸ ಬಲ ಬಂದೀತು.

ನೀರಿನ ಮಾತು ಬಂತು. ತಾವು ಚೆಂಡು ಎತ್ತಿದ ಬಾವಿ ಎಲ್ಲಿತ್ತೋ ತಿಳಿಯದು. ಈಗಿನ ಇಲ್ಲಿಯ ನೀರಿನ ಮಟ್ಟಕ್ಕೆ ದರ್ಭೆಯ ಹೊರೆಗಳೇ ಬೇಕಾದಾವು. ಕಟ್ಟಡ ಕಟ್ಟಲು ಅಂತರ್ಜಲ ಹೀರಬೇಡಿ, ಸಂಸ್ಕರಿಸಿದ ಕೊಳಚೆ ನೀರು ಬಳಸಿ ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು 2012ರಲ್ಲೇ ಹೇಳಬೇಕಾಯಿತು. ಕುಡಿಯುವ ನೀರು ಯಮುನೆಯ ಕಾಲುವೆಯಿಂದ ಬಸೈ ಮತ್ತು ಚಂದೂ ಬುಢೇರಾ ಶುದ್ಧೀಕರಣ ಘಟಕಗಳಿಗೆ ಬಂದು ಅಲ್ಲಿಂದ ಊರಿಗೆ ಹಂಚಿಕೆಯಾಗುತ್ತದೆ. ಎಂಟು ತಿಂಗಳು ನೀರಿಲ್ಲ ಎಂಬ ಗೋಳು, ಉಳಿದ ನಾಲ್ಕು ತಿಂಗಳು ನೀರು ಹೋಗುತ್ತಿಲ್ಲ ಎಂಬ ಗೋಳು.

ಆ ನಾಲ್ಕು ತಿಂಗಳ ಕಥೆ ತಮಗೆ ವಿಶೇಷವಾಗಿ ಒಪ್ಪಿಸಬೇಕು, ಏಕೆಂದರೆ ಚಕ್ರವ್ಯೂಹದ ಹಕ್ಕುಸ್ವಾಮ್ಯ ತಮ್ಮದು. ಹೊಸ ಹೆಸರು ಘೋಷಣೆಯಾದ ಮೇಲಿನ ಮೊದಲ ಮಳೆಗಾಲ, 2016ರ ಜುಲೈ 28ರ ಸಂಜೆ. ಕಚೇರಿ ಬಿಟ್ಟ ಅಭಿಮನ್ಯುಗಳೆಲ್ಲ ಹೀರೊ ಹೋಂಡಾ ಚೌಕದತ್ತ ಹೊರಟರು. (ಹೀರೊ, ಹೋಂಡಾ ಎಂಬ ಆ ಎರಡು ಕಂಪನಿಗಳು ಬೇರೆಯಾಗಿ ವರ್ಷಗಳೇ ಕಳೆದಿದ್ದವು; ವಾಹನಗಳು ಮಾತ್ರ ಅಲ್ಲಿ ಒಂದನ್ನೊಂದು ಬಿಡಲೊಲ್ಲವು.) ಮರುದಿನ ಬೆಳಗಾದರೂ ಎಷ್ಟೋ ಜನ ಮನೆ ಮುಟ್ಟಿರಲಿಲ್ಲ. ನಿಷೇಧಾಜ್ಞೆ ಹಾಕಿದರು. ದೆಹಲಿಯಿಂದ ಯಾರೂ ಈ ಕಡೆ ಬರಬೇಡಿ ಎಂದು ಪೊಲೀಸ್ ಕಮಿಷನರೇ ಕೇಳಿಕೊಂಡರು. ಜನ ಆ ರಾತ್ರಿಗೆ ತಮ್ಮ ಪದವಿಯನ್ನೇ ಸೇರಿಸಿ ‘ಗುರುಜಾಮ್’ ಎಂದು ಹೆಸರಿಟ್ಟರು.

ತಮ್ಮ ವ್ಯೂಹದ ಹಿಂದೆ ಒಂದು ಬುದ್ಧಿ ಇತ್ತು. ಇಲ್ಲಿ ಇದ್ದ ಬುದ್ಧಿಯನ್ನು ಅಳಿಸಿದರು. ಅರಾವಳಿಯ ಗುಡ್ಡ ಒಂದು ಕಡೆ ಎತ್ತರಕ್ಕಿದೆ, ನಜಫ್‌ಗಢದ ತಗ್ಗು ಇನ್ನೊಂದು ಕಡೆಗಿದೆ. ನಡುವೆ ಇಳಿಯುವ ನೀರನ್ನು ತಡೆದು ನಿಲ್ಲಿಸಲು ಘಾಟಾ, ಝಾರ್ಸಾ, ಚಕ್ಕರ್‌ಪುರ, ವಜೀರಾಬಾದ್‌ಗಳಲ್ಲಿ ಹಿಂದಿನವರು ಮಣ್ಣಿನ ಏರಿಗಳನ್ನು ಹಾಕಿದ್ದರು. ಸೆಕ್ಟರುಗಳು ಬಂದಾಗ ಏರಿ ಯಾವುದು, ಹಳ್ಳ ಯಾವುದು ಎಂದು ನಕ್ಷೆ ಕೇಳಲಿಲ್ಲ. ಉಳಿದ ನೀರಿಗೆ ಹೆಚ್ಚಾಗಿ ಬಾದ್‌ಶಾಹಪುರ ನಾಲೆಯೇ ಗತಿ. ಆ ನಾಲೆ ಅಗಲವಾಗಿ ಬಂದು, ಒಂದು ಕಡೆ ಇದ್ದಕ್ಕಿದ್ದಂತೆ ಸಣ್ಣಗಾಗುತ್ತಿತ್ತು. ಹೆದ್ದಾರಿ ಮುಳುಗಿದ್ದಕ್ಕೆ ಅದೂ ಮುಖ್ಯ ಕಾರಣ. ಯಾವ ಜಾಗ ಅಂತೀರಿ? ಖಾಂಡಸಾ ಎಂಬ ಹಳ್ಳಿ. ಆಚಾರ್ಯರೇ, ಖಾಂಡಸಾದಲ್ಲಿ ಏಕಲವ್ಯನ ಗುಡಿಯಿದೆ; ಅವನು ಹೆಬ್ಬೆರಳು ಕೊಟ್ಟದ್ದು ಅಲ್ಲೇ ಎಂದು ಊರವರು ಹೇಳುತ್ತಾರೆ. ಊರಿಗೆ ತಮ್ಮ ಹೆಸರು ಇಟ್ಟ ವರ್ಷವೇ ಆ ಜಾಗದಲ್ಲಿ ನೀರು ಕಟ್ಟಿಕೊಂಡಿತು. ಇದರ ಮೇಲೆ ನಾನು ಹೆಚ್ಚಿಗೆ ಹೇಳಲಾರೆ.

ಆಮೇಲೆ ಸುಧಾರಣೆಗಳು ಆಗಿವೆ. 2017ರಲ್ಲಿ ಇನ್ನೊಂದು ಪ್ರಾಧಿಕಾರ ಹುಟ್ಟಿತು. ಈಗ ರಸ್ತೆಯಲ್ಲಿ ಗುಂಡಿ ಬಿದ್ದರೆ ಪಾಲಿಕೆ, ಮಹಾನಗರ ಪ್ರಾಧಿಕಾರ, ನಗರಾಭಿವೃದ್ಧಿ ಪ್ರಾಧಿಕಾರ, ಹೆದ್ದಾರಿ ಪ್ರಾಧಿಕಾರ, ಬಿಲ್ಡರ್, ಇಷ್ಟು ಜನರಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ಹಸ್ತಿನಾವತಿಯಲ್ಲಿ ಕಣ್ಣಿಲ್ಲದ ಅರಸು ಒಬ್ಬನೇ ಇದ್ದ, ಪಾಪ. 2025ರ ಜುಲೈಯಲ್ಲಿ ಒಂದು ರಾತ್ರಿಯ ಮಳೆಗೆ ಸದರ್ನ್ ಪೆರಿಫೆರಲ್ ರಸ್ತೆ ಬಾಯಿಬಿಟ್ಟು ಬಿಯರ್ ಹೊತ್ತ ಲಾರಿಯೊಂದನ್ನು ಒಳಕ್ಕೆಳೆದುಕೊಂಡಿತು. ಪಾತಾಳಕ್ಕೆ ತರ್ಪಣ ಎಂದು ನಾವೆಲ್ಲ ನಕ್ಕೆವು. ಅದೇ ಮಳೆಯಲ್ಲಿ ನೀರಿಗಿಳಿದವರು ಕರೆಂಟು ಹೊಡೆದು ಸತ್ತರು. ನಗು ಅಲ್ಲಿಗೆ ನಿಂತಿತು. ಸೆಪ್ಟೆಂಬರ್ ಮೊದಲ ದಿನ ಮತ್ತೆ ಹೆದ್ದಾರಿಯಲ್ಲಿ ಕಿಲೋಮೀಟರುಗಟ್ಟಲೆ ವಾಹನಗಳು ನಿಂತವು. ಮರುದಿನಕ್ಕೆ ಮನೆಯಿಂದಲೇ ಕೆಲಸ ಮಾಡಿ ಎಂಬ ಸಲಹೆ ಬಂತು. ಮನೆಯಲ್ಲಿ ಕರೆಂಟು ಇದೆಯೇ ಎಂದು ಸಲಹೆ ಕೊಟ್ಟವರು ಕೇಳಲಿಲ್ಲ.

ರೈಲಿನ ವಿಷಯ ಬೇಗ ಮುಗಿಸುತ್ತೇನೆ. ದೆಹಲಿ ಮೆಟ್ರೊದ ಹಳದಿ ಮಾರ್ಗದಲ್ಲಿ ತಮ್ಮ ಹೆಸರಿನದೇ ಒಂದು ನಿಲ್ದಾಣವಿದೆ, ತಾವು ಕಾಸು ಕೊಡದೆಯೇ. ಖಾಸಗಿಯವರು 2013ರಲ್ಲಿ ಓಡಿಸಿದ ರ್‍ಯಾಪಿಡ್ ಮೆಟ್ರೊದಲ್ಲಿ ಆ ಸೌಜನ್ಯ ಇರಲಿಲ್ಲ. ಅಲ್ಲಿ ನಿಲ್ದಾಣದ ಹೆಸರುಗಳನ್ನೇ ಮಾರಾಟಕ್ಕಿಟ್ಟರು. ಒಂದಕ್ಕೆ ಬ್ಯಾಂಕು, ಒಂದಕ್ಕೆ ಮೊಬೈಲ್ ಕಂಪನಿ. 2019ರಲ್ಲಿ ಕೈಯೆತ್ತಿದಾಗ ವಹಿಸಿಕೊಂಡದ್ದು ಅದೇ ಸರ್ಕಾರಿ ದೆಹಲಿ ಮೆಟ್ರೊ.

ಮರದ ಮೇಲಿನ ಹಕ್ಕಿಯ ಪರೀಕ್ಷೆ ನೆನಪಿದೆಯೇ? ಏನು ಕಾಣುತ್ತಿದೆ ಎಂದು ತಾವು ಕೇಳಿದಾಗ ಅರ್ಜುನನಿಗೆ ಮರ ಕಾಣಲಿಲ್ಲ, ಕೊಂಬೆ ಕಾಣಲಿಲ್ಲ, ಹಕ್ಕಿಯ ಕಣ್ಣು ಮಾತ್ರ ಕಂಡಿತು. ತಾವು ಮೆಚ್ಚಿ ಬೆನ್ನು ತಟ್ಟಿದಿರಿ. ಆ ಪಾಠ ಇಲ್ಲಿಯಷ್ಟು ಗಟ್ಟಿಯಾಗಿ ಬೇರೆಲ್ಲೂ ಬೇರೂರಿಲ್ಲ. ಅರಾವಳಿಯನ್ನು ತೋರಿಸಿ ಏನು ಕಾಣುತ್ತಿದೆ ಎಂದು ಕೇಳಿ ನೋಡಿ. ಚದರಡಿ ದರ ಎನ್ನುತ್ತಾರೆ. 2024ರ ಕೊನೆಗೆ ಗಾಲ್ಫ್ ಕೋರ್ಸ್ ರಸ್ತೆಯ ಒಂದು ಪೆಂಟ್‌ಹೌಸ್ 190 ಕೋಟಿ ರೂಪಾಯಿಗೆ ಮಾರಾಟವಾಯಿತು. ಅಷ್ಟೆತ್ತರದಲ್ಲಿ ನಿಂತರೆ ಊರಿನ ಇನ್ನೊಂದು ಶಿಖರವೂ ಕಣ್ಣಿಗೆ ಬೀಳಬೇಕು. ಅದು ಅರಾವಳಿಯ ಮಡಿಲಲ್ಲೇ ಬಂಧವಾಡಿಯಲ್ಲಿ ಪೇರಿಸಿದ ಕಸದ ಬೆಟ್ಟ, ಬೇಸಿಗೆಯಲ್ಲಿ ತಾನಾಗಿ ಹೊತ್ತಿಕೊಳ್ಳುತ್ತದೆ. ಅನ್ಯಾಯವಾಗಿ ಬರೆಯಬಾರದು: ಹಳೆಯ ಕಲ್ಲುಗಣಿಯ ಹೊಂಡದಲ್ಲಿ ಊರಿನ ನಾಗರಿಕರೇ 2010ರಿಂದ ಸ್ಥಳೀಯ ಜಾತಿಯ ಗಿಡಗಳನ್ನು ನೆಟ್ಟು ಜೀವವೈವಿಧ್ಯ ಉದ್ಯಾನ ಬೆಳೆಸಿದ್ದಾರೆ. ಹಕ್ಕಿ ನೋಡಲು ಅಲ್ಲಿಗೆ ಹೋಗುವವರು ಬಿಲ್ಲು ಒಯ್ಯುವುದಿಲ್ಲ.

ಬಂಧವಾಡಿ ಸೇರುವ ಆ ಕಸವನ್ನು ಎತ್ತುವವರು ಯಾರು ಎಂಬುದು 2025ರ ಜುಲೈವರೆಗೆ ಯಾರಿಗೂ ಹೊಳೆಯದ ಪ್ರಶ್ನೆ. ಆ ತಿಂಗಳು ಪೊಲೀಸರು ಬಂಗಾಳಿ ಮಾತಾಡುವ ಕೂಲಿಕಾರರನ್ನು ಹಿಡಿದು, ಸಮುದಾಯ ಭವನಗಳಲ್ಲಿ ಕೂರಿಸಿ, ನೀವು ಯಾವ ದೇಶದವರು ಎಂದು ಕಾಗದ ತಪಾಸಣೆ ಮಾಡಿದರು. ಬಹುಪಾಲು ಜನರನ್ನು ಬಿಟ್ಟರು. ಅಷ್ಟರಲ್ಲಿ ಹೆದರಿಕೆ ಹಬ್ಬಿತ್ತು. ತಗಡಿನ ಗುಡಿಸಲುಗಳಿಗೆ ಬೀಗ ಹಾಕಿ ಕುಟುಂಬಗಳು ಬಂಗಾಳದ ರೈಲು, ಬಸ್ಸು ಹತ್ತಿದವು. ವಾರದೊಳಗೆ ಕಸ ಗೇಟಿನ ಎದುರಿಗೆ ಬಂತು. ತೊಟ್ಟಿ ಖಾಲಿ ಮಾಡುವವರಿಲ್ಲ, ಪಾತ್ರೆ ತಿಕ್ಕುವವರಿಲ್ಲ, ಮಗುವನ್ನು ನೋಡಿಕೊಳ್ಳುವವರಿಲ್ಲ. ನೀರು, ಕರೆಂಟು, ಕಾವಲು ಎಲ್ಲವನ್ನೂ ತಾನೇ ಕಲಿತೆ ಎಂದು ಬೀಗುತ್ತಿದ್ದ ನಮ್ಮ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು, ಸ್ವದೇಶಿಯೋ ವಿದೇಶಿಯೋ, ನಾಳೆ ಬೆಳಗ್ಗೆ ಯಾರಾದರೂ ಸಿಗುತ್ತಾರೆಯೇ ಎಂದು ಕೇಳಿದರು. ಅಶ್ವತ್ಥಾಮ ಹಿಟ್ಟು ಕಲಸಿದ ನೀರನ್ನು ಹಾಲೆಂದು ಕುಡಿದು ಕುಣಿದಾಗ ತಮಗಾದ ಸಂಕಟವೇ ತಮ್ಮನ್ನು ಹಸ್ತಿನಾವತಿಗೆ ಕರೆತಂದದ್ದು. ಈ ಜನರನ್ನು ಕರೆತಂದದ್ದೂ ಬೇರೇನಲ್ಲ. ತಮಗೆ ಅರಮನೆ ಸಿಕ್ಕಿತು; ಇವರಿಗೆ ಅರಮನೆಯ ಹಿಂಬಾಗಿಲಿನ ಲಿಫ್ಟ್.

ನನ್ನ ಬೇಡಿಕೆ ದೊಡ್ಡದಲ್ಲ. ಒಮ್ಮೆ ಬಿಜಯಂಗೈಯಬೇಕು. ಮಳೆಗಾಲ ತಪ್ಪಿಸಿ ಬನ್ನಿ. ದೀಪಾವಳಿಯ ಆಸುಪಾಸು ಬೇಡ, ಹೊಗೆ ವಿಪರೀತ, ಅದಕ್ಕೆ ಜನರೇಟರ್ ಹಾಕಲೂ ಕಟ್ಟುಪಾಡು. ಫೆಬ್ರುವರಿ ಆದೀತು. ಗೇಟಿನಲ್ಲಿ ಹೆಸರು, ಮೊಬೈಲ್ ನಂಬರು, ವಾಹನದ ನಂಬರು ಕೇಳುತ್ತಾರೆ. ರಥ ಎಂದರೆ ಹೊರಗೇ ನಿಲ್ಲಿಸಲು ಹೇಳಿಯಾರು. ನನ್ನ ಮೊಬೈಲಿಗೆ ಒಟಿಪಿ ಬರುತ್ತದೆ, ನಾನು ಒಪ್ಪಿಗೆ ಒತ್ತಿದರೆ ಬಾಗಿಲು ತೆರೆಯುತ್ತದೆ. ಈ ಊರು ತಮ್ಮದು ಎಂದು ಕಾವಲುಗಾರನ ಹತ್ತಿರ ವಾದಿಸಬೇಡಿ. ಇದೇ ಮಾತನ್ನು ಆಡುವ ಹಳ್ಳಿಯ ಮುದುಕರು ಅವನಿಗೆ ದಿನವೂ ಸಿಗುತ್ತಾರೆ.

ಇಂತಿ ತಮ್ಮ ವಿಧೇಯ,
ತಮ್ಮ ಉಂಬಳಿಯ ಒಬ್ಬ ಬಾಡಿಗೆದಾರ

ವಿ.ಸೂ.: ಬರುವಾಗ ಏಕಲವ್ಯನನ್ನೂ ಕರೆತರುವ ಮನಸ್ಸಿದ್ದರೆ ಮೊದಲೇ ತಿಳಿಸಿ. ಕೆಲಸದವರ ಗೇಟು ಬೇರೆ ಇದೆ, ಅಲ್ಲಿ ಹೆಬ್ಬೆಟ್ಟು ಒತ್ತದೆ ಒಳಗೆ ಬಿಡುವುದಿಲ್ಲ. ಅವನ ಪರವಾಗಿ ನಾನು ಅಧ್ಯಕ್ಷರಿಗೆ ಒಂದು ಅರ್ಜಿ ಬರೆದುಕೊಡಬೇಕಾಗುತ್ತದೆ, ಹೆಬ್ಬೆರಳು ಇಲ್ಲದಿರಲು ಕಾರಣ ಎಂಬ ಕಾಲಮ್ಮಿನಲ್ಲಿ ಏನು ತುಂಬಲಿ?