ಅವಕಾಶ ಕೊಡ್ತೀವಿ, ಬನ್ನಿ

ಎದುರು ಮನೆಯ ಹುಡುಗ ಹೋದ ಭಾನುವಾರ ಬೆಳಗ್ಗೆಯೇ ಬಂದು ನನ್ನ ಕಾಲಿಗೆ ಬಿದ್ದ. ಈಗಿನ ಹುಡುಗರು ಸುಮ್ಮನೆ ಬಗ್ಗುವವರಲ್ಲ. ಬ್ಯಾಂಕ್ ಸಾಲಕ್ಕೆ ಜಾಮೀನು ಕೇಳಲು ಬಂದಿರಬೇಕು ಅಂದುಕೊಂಡು ಮನಸ್ಸಿನಲ್ಲೇ ಎರಡು ನೆಪ ಸಿದ್ಧ ಮಾಡಿಕೊಂಡೆ.

"ಅಂಕಲ್, ಕೆಲಸಕ್ಕೆ ರಿಸೈನ್ ಮಾಡ್ತಿದ್ದೀನಿ. ಪ್ರೊಫೆಷನಲ್ ಸಿಂಗರ್ ಆಗ್ತೀನಿ. ನೀವು ಮೂವತ್ತು ವರ್ಷದಿಂದ ಫೀಲ್ಡಲ್ಲಿದ್ದೀರಲ್ಲ, ಒಂದಿಷ್ಟು ಟಿಪ್ಸ್ ಕೊಡಿ" ಅಂದ.

ಜಾಮೀನೇ ವಾಸಿಯಿತ್ತು.

ಫೀಲ್ಡಿನಲ್ಲಿ ಇರುವುದೇನೋ ನಿಜ. ಬ್ಯಾಟಿಂಗ್ ಸಿಕ್ಕಿಲ್ಲ, ಅಷ್ಟೆ. ಹಗಲು ಅಂಚೆ ಕಚೇರಿ, ಸಂಜೆ ಭಾವಗೀತೆ, ಹಬ್ಬಹರಿದಿನಕ್ಕೆ ಆರ್ಕೆಸ್ಟ್ರಾ, ಕರೆದಾಗ ಸ್ಟುಡಿಯೋದಲ್ಲಿ ಟ್ರ್ಯಾಕ್. ಹೀಗೆ ಹಾಡಿ ಸಂಪಾದಿಸಿದ್ದೆಲ್ಲ ನಮ್ಮ ಮನೆಯ ಬೀರುವಿನಲ್ಲಿದೆ: ನಲವತ್ತೊಂದು ಶಾಲು, ಒಂಬತ್ತು ಮೈಸೂರು ಪೇಟ, ಧೂಳು ಒರೆಸಿ ಒರೆಸಿ ನನ್ನ ಹೆಸರೇ ಅಳಿಸಿಹೋಗಿರುವ ಸ್ಮರಣಿಕೆಗಳು. ಬೀರು ಮಾತ್ರ ಅಂಚೆ ಇಲಾಖೆಯ ಸಂಬಳದ್ದು.

ಅದಕ್ಕೇ ಮೊದಲನೆಯ ಮಾತಾಗಿ ಹೇಳಿದೆ: "ವೃತ್ತಿಪರ ಗಾಯಕ ಆಗಬೇಕಾದರೆ ಮೊದಲು ಒಂದು ವೃತ್ತಿ ಹಿಡಿ. ಗಾಯನವನ್ನು ಬಿಟ್ಟು ಬೇರೆ ಯಾವುದಾದರೂ." ಅವನು ಇದನ್ನು ಹಾಸ್ಯ ಅಂದುಕೊಂಡು ನಕ್ಕ. ನಾನು ದಾಖಲೆ ಇಟ್ಟೆ. 'ಕಾಡು ಕುದುರೆ'ಯ ಹಾಡಿಗೆ ರಾಷ್ಟ್ರಪ್ರಶಸ್ತಿ ತಂದ ಶಿವಮೊಗ್ಗ ಸುಬ್ಬಣ್ಣ ಕರಿ ಕೋಟು ಹಾಕುತ್ತಿದ್ದ ವಕೀಲರು. ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗರೂ ಅವರೇ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಎಂದು ಜನಸಾಗರವನ್ನೇ ಕೂಡಿಸಿದ ಸಿ. ಅಶ್ವತ್ಥ್, ಐಟಿಐ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ನೌಕರಿ ಮಾಡಿದವರು. ಮಹಾರಾಜರ ಕಾಲ ಮುಗಿದ ಮೇಲೆ ಕನ್ನಡ ಸುಗಮ ಸಂಗೀತಕ್ಕೆ ಆಶ್ರಯ ಕೊಟ್ಟದ್ದು ತಿಂಗಳ ಮೊದಲನೇ ತಾರೀಕು. ಪಿಎಫ್ ಕಟ್ಟುವವನ ಕಂಠದಲ್ಲಿ ಒಂದು ನಿಶ್ಚಿಂತೆ ಇರುತ್ತದೆ, ಷಡ್ಜ ಅಲ್ಲಾಡುವುದಿಲ್ಲ.

"ಅದು ಹಳೇ ಕಾಲ ಅಂಕಲ್. ಈಗ ಎಲ್ಲಾ ಆನ್‌ಲೈನ್. ಕ್ಲಾಸಿಗೂ ಸೇರ್ಕೊಂಡಿದ್ದೀನಿ" ಅಂತ ಮೊಬೈಲ್ ತೋರಿಸಿದ. ಇಪ್ಪತ್ತೊಂದು ದಿನದಲ್ಲಿ ಸಂಪೂರ್ಣ ಗಾಯನ. ಇಪ್ಪತ್ತೆರಡನೇ ದಿನದಿಂದ ಅಡ್ವಾನ್ಸ್ಡ್ ಕೋರ್ಸ್, ಅದಕ್ಕೆ ಬೇರೆ ದುಡ್ಡು.

ಗದಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದನೇ ವಯಸ್ಸಿಗೆ, ಗುರು ಬೇಕೆಂದು ಮನೆ ಬಿಟ್ಟು ಓಡಿದ್ದರು. ಟಿಕೆಟ್ ಇಲ್ಲದೆ ರೈಲು ಹತ್ತಿ ಉತ್ತರ ಭಾರತವನ್ನೆಲ್ಲ ಅಲೆದರು. ಕೊನೆಗೆ ಗುರು ಸಿಕ್ಕಿದ್ದು ಊರಿನ ಮಗ್ಗುಲಲ್ಲೇ, ಕುಂದಗೋಳದ ಸವಾಯಿ ಗಂಧರ್ವರಲ್ಲಿ. ಆ ಮನೆಗೆ ನೀರು ಹೊತ್ತು ಕಲಿತರು. ಅದೇ ಗುರುವಿನ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಈಗ ಆ ಕಷ್ಟವಿಲ್ಲ. ಟಿಕೆಟ್ ಇಲ್ಲದೆ ಓಡಾಡುವವರು ಗುರುಗಳೇ, ನೇರ ಮೊಬೈಲಿಗೆ ಬರುತ್ತಾರೆ. ಶಿಷ್ಯ ನೀರಿನ ಬದಲು ಕಂತು ಹೊರುತ್ತಾನೆ.

ಗುರುಗಳನ್ನೂ ಬಯ್ಯುವಂತಿಲ್ಲ. ಹಾಡಿ ಹೊಟ್ಟೆ ತುಂಬದವರು ಹಾಡು ಕಲಿಸುತ್ತಾರೆ. ಕಲಿತವರಿಗೂ ಹಾಡಿ ಹೊಟ್ಟೆ ತುಂಬುವುದಿಲ್ಲ, ಅವರೂ ಕಲಿಸಲು ಕೂರುತ್ತಾರೆ. ಚೈನ್ ಸ್ಕೀಮಿಗೆ ಸರ್ಕಾರ ನಿಷೇಧ ಹಾಕಿದೆ ಅಂತ ಕೇಳಿದ್ದೆ. ಇದೊಂದು ಹೇಗೋ ಕಣ್ತಪ್ಪಿದೆ.

ಹುಡುಗನ ಶ್ರುತಿ ಹೇಗಿದೆ ನೋಡೋಣ ಅಂತ ಎರಡು ಸಾಲು ಹಾಡಿಸಿದೆ. ಕಂಠ ಚೆನ್ನಾಗಿದೆ. ಶ್ರುತಿ ಆಗಾಗ ಬಂದು ಹೋಗುತ್ತದೆ, ನಮ್ಮ ಬಡಾವಣೆಯ ನೀರಿನ ಹಾಗೆ. ಹೇಳಿದರೆ, "ಅದಕ್ಕೆಲ್ಲ ಆಟೋಟ್ಯೂನ್ ಇದೆ ಅಂಕಲ್" ಅಂದ. ಇದೆ. ಅದನ್ನು ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಎಂಬ ಅಮೆರಿಕದ ಪುಣ್ಯಾತ್ಮ ಮೊದಲು ತೈಲ ಕಂಪನಿಗಳಿಗಾಗಿ ದುಡಿಯುತ್ತಿದ್ದವರು. ನೆಲದೊಳಕ್ಕೆ ಶಬ್ದದ ಅಲೆ ಕಳಿಸಿ ಎಣ್ಣೆ ಎಲ್ಲಿದೆ ಅಂತ ಹುಡುಕುವ ಲೆಕ್ಕ. ಅದೇ ಲೆಕ್ಕವನ್ನು 1997ರಲ್ಲಿ ಗಂಟಲಿಗೆ ಇಳಿಸಿ ಶ್ರುತಿ ಎಲ್ಲಿದೆ ಅಂತ ಹುಡುಕಿಸಿದರು. ವ್ಯತ್ಯಾಸ ಇಷ್ಟೇ: ಎಣ್ಣೆ ಸಿಗದಿದ್ದರೆ ಬಾವಿ ಮುಚ್ಚುತ್ತಾರೆ, ಶ್ರುತಿ ಸಿಗದಿದ್ದರೆ ಹೀರೋ ಕೈಯಲ್ಲಿ ಹಾಡಿಸುತ್ತಾರೆ.

ರಾಜ್‌ಕುಮಾರ್ ಹಾಡಲಿಲ್ಲವೇ ಅಂತ ಯಾರಾದರೂ ಕೇಳಬಹುದು. ಹಾಡಿದರು. 1974ರ 'ಸಂಪತ್ತಿಗೆ ಸವಾಲ್' ಆದಮೇಲೆ ಅವರ ಹಾಡು ಅವರದೇ ಕಂಠಕ್ಕೆ ಬಂತು, ಅಲ್ಲಿಯವರೆಗೆ ಅವರ ದನಿಯೇ ಆಗಿದ್ದ ಪಿ.ಬಿ. ಶ್ರೀನಿವಾಸ್ ಪಾಲು ಕರಗಿತು. ಆದರೆ ರಾಜ್ ನಾಟಕದ ಕಂಪನಿಯಲ್ಲಿ ಹಿಂದಿನ ಸಾಲಿಗೂ ಮುಟ್ಟುವ ಹಾಗೆ ಹಾಡಿ ಪಳಗಿದವರು, 'ಜೀವನ ಚೈತ್ರ'ದ ಹಾಡಿಗೆ ರಾಷ್ಟ್ರಪ್ರಶಸ್ತಿಯನ್ನೇ ತಂದರು. ಅವರನ್ನು ತೋರಿಸಿ ಇವತ್ತಿನವರು ಮೈಕ್ ಹಿಡಿಯುವುದು, ಮೈಸೂರು ಅರಮನೆಯಲ್ಲಿ ಕಂಬ ಇದೆ ಅಂತ ಹೇಳಿ ನಮ್ಮ ಮನೆ ಮುಂದೆ ಕಂಬ ನೆಡುವ ಹಾಗೆ.

ಸಿನಿಮಾದಲ್ಲಿ ಹಾಡುವ ಆಸೆ ಹುಡುಗನಿಗೆ ಬಹಳ ಇದೆ. ಟ್ರ್ಯಾಕ್ ಅಂದರೇನು ಅಂತ ಅವನಿಗೆ ಗೊತ್ತಿರಲಿಲ್ಲ, ವಿವರಿಸಬೇಕಾಯಿತು. ಸ್ಟಾರ್ ಗಾಯಕರು ಬಂದು ಹಾಡುವ ಮೊದಲು ಅವರಿಗೆ ಹಾಡು ಕಲಿಯಲು ಅಂತ ಯಾರೋ ಒಬ್ಬ ಪೂರ್ತಿ ಹಾಡಿ ಇಡಬೇಕು. ಸೀರೆ ಅಂಗಡಿಯ ಗೊಂಬೆಗೆ ಉಡಿಸಿದ ಹಾಗೆ, ಉಟ್ಟುಕೊಂಡು ಮದುವೆಗೆ ಹೋಗುವವರು ಬೇರೆ.

ಒಂದು ಸಲ ನಾನು ಹಾಡಿದ ಟ್ರ್ಯಾಕು ನನಗೇ ಕಣ್ಣಲ್ಲಿ ನೀರು ಬರುವ ಹಾಗೆ ಬಂದಿತ್ತು. ಸಂಗೀತ ನಿರ್ದೇಶಕರು ಹೆಗಲ ಮೇಲೆ ಕೈ ಹಾಕಿ, "ಫೈನಲ್ ನೀವೇ ಆಗ್ಬಹುದು ಸಾರ್, ಮೇಲಿನವರು ಒಪ್ಪಬೇಕು ಅಷ್ಟೆ" ಅಂದರು. ನಾನು ಅದನ್ನು ಮನೆಯಲ್ಲಿ ಹೇಳಿದೆ, ಕಚೇರಿಯಲ್ಲಿ ಹೇಳಿದೆ, ದಿನಾ ಬರುವ ತರಕಾರಿಯವನಿಗೂ ಹೇಳಿದೆ. ಎರಡು ವಾರ ಬಿಟ್ಟು ಸ್ಟುಡಿಯೋದಿಂದ ಫೋನು. ಮುಂಬೈನಿಂದ ದೊಡ್ಡ ಗಾಯಕರು ಬಂದಿದ್ದಾರೆ, ಉಚ್ಚಾರಣೆ ಹೇಳಿಕೊಡಬೇಕು, ಒಂದು ಗಂಟೆ ಬನ್ನಿ. ಹೋದೆ. ಗಾಜಿನ ಆಚೆ ಅವರು, ಈಚೆ ನಾನು. ಪಲ್ಲವಿಯ ಮೊದಲ ಪದವೇ 'ಹೇಳು'. ಅವರಿಗೆ 'ಳ' ಬರದು, 'ಲ' ಬಂತು. ಅಲ್ಲಿ ಲ ಬಂದರೆ ಏನಾಗುತ್ತದೆ ಅಂತ ಕನ್ನಡ ಓದುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಪ್ರೇಮಗೀತೆ. ನಾಯಕ ನಾಯಕಿಯನ್ನು ಬಗೆಬಗೆಯಾಗಿ ಅದನ್ನೇ ಕೇಳಿಕೊಳ್ಳುತ್ತಿದ್ದ. ನಾಲಿಗೆ ಹಿಂದಕ್ಕೆ ಮಡಚಿ ಸಾರ್, ಇನ್ನೂ ಹಿಂದಕ್ಕೆ, ಅಂತ ನಾನು ಗಾಜಿನ ಈಚೆಯಿಂದ ಬಾಯಿ ತೆರೆದು ತೋರಿಸುತ್ತಿದ್ದೆ, ದಂತವೈದ್ಯರ ಮುಂದೆ ಕೂತವನ ಹಾಗೆ. ಒಂದು ಗಂಟೆ ನಾಲ್ಕಾಯಿತು. ಕೈಗೆ ಬಂದದ್ದು ಪೆಟ್ರೋಲ್ ದುಡ್ಡು ಮತ್ತು "ಟೈಟಲ್ ಕಾರ್ಡಲ್ಲಿ ಹೆಸರು ಗ್ಯಾರಂಟಿ" ಎಂಬ ಮಾತು. ಮಾತು ತಪ್ಪಲಿಲ್ಲ. ಕೊನೆಯಲ್ಲಿ ಕೃತಜ್ಞತೆಗಳು ಎಂಬ ಪಟ್ಟಿಯಲ್ಲಿ ನನ್ನ ಹೆಸರಿತ್ತು, ಜನರೇಟರ್ ಕೊಟ್ಟವರ ಕೆಳಗೆ, ಕಾಗುಣಿತ ತಪ್ಪಾಗಿ. ಆ ಹೊತ್ತಿಗೆ ಥಿಯೇಟರಿನಲ್ಲಿ ಇದ್ದವರು ನಾನು, ನನ್ನ ಹೆಂಡತಿ ಮತ್ತು ಕಸ ಗುಡಿಸುವ ಹೆಂಗಸು.

ಹೊರಗಿನವರಿಗೆ ಯಾಕೆ ಹಾಡು ಕೊಟ್ಟಿರಿ ಎಂಬ ಕೂಗಿಗೆ ನಾನು ದನಿಗೂಡಿಸುವವನಲ್ಲ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಎಸ್‌ಪಿಬಿ ಮೂವರೂ ಆಂಧ್ರದ ಕಡೆಯವರು, ಅವರ ಹಾಡು ಕೇಳಿಯೇ ನಮ್ಮ ಅರ್ಧ ಜನ ಹಕಾರ, ಮಹಾಪ್ರಾಣ ತಿದ್ದಿಕೊಂಡದ್ದು. ಅವರು ಬಂದು ಕನ್ನಡ ಕಲಿತರು. ಈಗ ಕನ್ನಡವೇ ವಿಮಾನದ ಟಿಕೆಟ್ ತೆಗೆದು ಹೊರಗಿನ ಗಾಯಕರ ಬಳಿಗೆ ಹೋಗುತ್ತದೆ, ಸಂಜೆಯೊಳಗೆ ವಾಪಸ್ಸು ಬರುತ್ತದೆ, ಹಲ್ಲು ಉದುರಿಸಿಕೊಂಡು.

"ಹಾಗಾದ್ರೆ ರಿಯಾಲಿಟಿ ಶೋ?" ಅಂದ ಹುಡುಗ.

ಅಲ್ಲಿ ಕಂಠ ಮಾತ್ರ ಇದ್ದರೆ ಸಾಲದು, ಕಥೆ ಬೇಕು. "ನಿಮ್ಮಪ್ಪ ಏನು ಕೆಲಸ?" ಅಂತ ಗೊತ್ತಿದ್ದೂ ಕೇಳಿದೆ. "ಎಲ್‌ಐಸಿ, ಡೆವಲಪ್‌ಮೆಂಟ್ ಆಫೀಸರ್." "ಮನೆ?" "ಸ್ವಂತದ್ದು, ಮೇಲೆ ಬಾಡಿಗೆಗೆ ಕೊಟ್ಟಿದ್ದೀವಿ." "ಯಾರಿಗಾದರೂ ಕಾಯಿಲೆ ಗೀಯಿಲೆ?" ಹುಡುಗ ಯೋಚಿಸಿ, "ಅಜ್ಜಿಗೆ ಮಂಡಿ ನೋವು" ಅಂದ. ಮಂಡಿ ನೋವಿಗೆ ಎಪಿಸೋಡ್ ಆಗುವುದಿಲ್ಲ ಕಣಪ್ಪ. ಅಜ್ಜಿ ವೇದಿಕೆಗೆ ನಡೆದು ಬರುವಾಗ ಒಂದು ಕೊಳಲು ಹಾಕಬಹುದು, ಅಷ್ಟೇ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ತಾವೂ ಅಂಧರಾಗಿದ್ದು ಅಂಧ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಿದರು. ಜೋಳಿಗೆ ಹಿಡಿದು ಬೇಡಿ ನಡೆಸಿದ ಆಶ್ರಮ ಅದು. ಪಾಪ, ಆ ಮಕ್ಕಳ ಕಣ್ಣೀರಿಗೆ ಪ್ರಾಯೋಜಕರು ಸಿಗುತ್ತಾರೆ ಅಂತ ಆ ಮಹಾನುಭಾವರಿಗೆ ಹೊಳೆಯಲೇ ಇಲ್ಲ.

ಉಳಿದದ್ದು ವೇದಿಕೆ. ಇದರಲ್ಲಿ ನಾನು ಪಿಎಚ್‌ಡಿ. ನವೆಂಬರ್ ಬಂದರೆ ನನ್ನ ಫೋನಿಗೆ ಜೀವ ಬರುತ್ತದೆ. "ಸಾರ್, ರಾಜ್ಯೋತ್ಸವ ಮಾಡ್ತಿದ್ದೀವಿ. ನಿಮಗೊಂದು ಅವಕಾಶ ಕೊಡೋಣ ಅಂತ." ಈ 'ಅವಕಾಶ' ಅನ್ನುವುದು ಗಾಯಕರಿಗೆಂದೇ ಛಾಪಿಸಿದ ನೋಟು, ಬೇರೆ ಎಲ್ಲೂ ಚಲಾವಣೆಯಿಲ್ಲ. ಶಾಮಿಯಾನದವನಿಗೆ ಅವಕಾಶ ಕೊಡ್ತೀವಿ ಬಾರಪ್ಪ ಅಂದು ನೋಡಿ, ಕಂಬ ಕಿತ್ತುಕೊಂಡು ಹೋಗುತ್ತಾನೆ. ಮೈಕ್‌ಸೆಟ್ಟಿನವನಿಗೆ ಮುಂಗಡ, ಅಡುಗೆಯವರಿಗೆ ಮುಂಗಡ, ನಿರೂಪಕಿಗೆ ಕವರು. ಎಲ್ಲರಿಗೂ ಕೊಟ್ಟು ಮುಗಿದ ಮೇಲೆ ಉಳಿಯುವುದೇ ಕಲಾಸೇವೆ.

ಆರಕ್ಕೆ ಅಂತ ಕರೆದಿರುತ್ತಾರೆ. ಐದಕ್ಕೇ ಹೋಗಿ ಬಿಸಿನೀರು ಕುಡಿಯುತ್ತಾ ಕೂರುತ್ತೇನೆ. ಏಳಕ್ಕೆ ದೀಪ, ಎಂಟಕ್ಕೆ ಶಾಸಕರು. ಕನ್ನಡ ಉಳಿಯಬೇಕು ಎಂಬ ಭಾಷಣ ಒಂಬತ್ತೂವರೆವರೆಗೆ ಉಳಿದಿರುತ್ತದೆ. ಆಮೇಲೆ ಮೂವತ್ತಾರು ಜನರಿಗೆ ಸನ್ಮಾನ. ನನ್ನ ಸರದಿ ಒಂಬತ್ತು ಐವತ್ತೆರಡಕ್ಕೆ. ಧ್ವನಿವರ್ಧಕಕ್ಕೆ ಕಾನೂನಿನ ಗಡುವು ರಾತ್ರಿ ಹತ್ತು, ಇಡೀ ಸಂಜೆ ಎಲ್ಲಿದ್ದರೋ ಗೊತ್ತಿಲ್ಲ, ಸರಿಯಾಗಿ ನನ್ನ ಎರಡನೇ ಚರಣಕ್ಕೆ ಪೊಲೀಸಿನವರು ವೇದಿಕೆಯ ಪಕ್ಕ ನಿಂತು ಗಡಿಯಾರ ತೋರಿಸುತ್ತಾರೆ. ನನ್ನ ಹಾಡಿಗೆ ಅಷ್ಟು ಕರಾರುವಾಕ್ಕಾಗಿ ತಾಳ ಹಾಕಿದವರು ಇನ್ನಾರೂ ಇಲ್ಲ. ಹಾಡು ನಿಲ್ಲುತ್ತದೆ, ಶಾಲು ಬರುತ್ತದೆ. ನಲವತ್ತೊಂದರಲ್ಲಿ ಎರಡು ಶಾಲಿನ ಮೂಲೆಯಲ್ಲಿ ಬೇರೆಯವರ ಹೆಸರಿನ ಚೀಟಿ ಇದೆ. ನಾನು ಕೊಟ್ಟ ಶಾಲುಗಳ ಮೂಲೆಯಲ್ಲಿ ನನ್ನದೂ ಇರಬಹುದು.

ಈಗ ಕಾಲ ಇನ್ನೂ ಮುಂದೆ ಹೋಗಿದೆ. ಹಾಡುವವರೇ ಕೊಡಬೇಕು. ಒಂದು ಹಾಲ್, ಒಂದು ಲ್ಯಾಪ್‌ಟಾಪ್, ಕರೋಕೆ. ಒಂದು ಹಾಡಿಗೆ ಇಷ್ಟು, ಯುಗಳಗೀತೆಯಾದರೆ ಅರ್ಧರ್ಧ, ಕಾಫಿ ಬೋಂಡ ಸೇರಿ. ಒಂದೇ ಸಂಜೆಯಲ್ಲಿ ಹನ್ನೆರಡು ಎಸ್‌ಪಿಬಿ, ಒಂಬತ್ತು ಜಾನಕಿ. ಕೇಳಲು ಕೂತವರೆಲ್ಲ ತಮ್ಮ ಸರದಿಗೆ ಕಾಯುವವರು, ಹಾಡಿದವರು ಬೋಂಡ ತಿಂದು ಹೊರಡುತ್ತಾರೆ. ಕೊನೆಯವನಿಗೆ ಖಾಲಿ ಕುರ್ಚಿಗಳು, ಬೀಗ ಹಿಡಿದು ನಿಂತ ವಾಚ್‌ಮನ್. ಇನ್ನೊಂದಿಷ್ಟು ಸೇರಿಸಿ ಕೊಟ್ಟರೆ ಬಿರುದೂ ಉಂಟು. ಬಿರುದಿನ ಫಲಕದಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ಮೊದಲೇ ಅಚ್ಚು ಹಾಕಿಸಿರುತ್ತಾರೆ, ನಮ್ಮ ಅಂಚೆಯ ಮನಿಯಾರ್ಡರ್ ಫಾರಂ ಹಾಗೆ.

"ಆದ್ರೆ ರಾಯಲ್ಟಿ ಬರುತ್ತಲ್ಲ?" ಹುಡುಗ ಸುಲಭಕ್ಕೆ ಬಿಡುವವನಲ್ಲ.

ಅರವತ್ತರ ದಶಕದಲ್ಲಿ ಲತಾ ಮಂಗೇಶ್ಕರ್ ಗಾಯಕರಿಗೂ ರಾಯಲ್ಟಿ ಬೇಕು ಅಂದರು. ಹಾಡಿದ್ದಕ್ಕೆ ದುಡ್ಡು ಕೊಟ್ಟರೆ ಲೆಕ್ಕ ಮುಗೀತು ಅಂದರು ರಫಿ. ಆ ಜಗಳಕ್ಕೆ ಇಬ್ಬರೂ ಕೆಲವು ವರ್ಷ ಜೊತೆಗೆ ಹಾಡಲೇ ಇಲ್ಲ. ಲತಾ ಹೇಳಿದ್ದು ಸರಿ ಅಂತ ನಮ್ಮ ಕಾನೂನಿಗೆ ಗೊತ್ತಾದದ್ದು 2012ರ ಕಾಪಿರೈಟ್ ತಿದ್ದುಪಡಿಯಲ್ಲಿ. ಹಕ್ಕು ಬಂತು, ಸರಿ. 2017ರಲ್ಲಿ ಎಸ್‌ಪಿಬಿ ಅಮೆರಿಕ ಪ್ರವಾಸದಲ್ಲಿದ್ದಾಗ, ಅನುಮತಿಯಿಲ್ಲದೆ ತಮ್ಮ ಹಾಡು ಹಾಡಬಾರದು ಅಂತ ಇಳಯರಾಜ ಅವರಿಂದ ನೋಟಿಸ್ ಹೋಯಿತು. ಹಾಡಿ ಹೆಸರು ಮಾಡಿದವರದೇ ಈ ಕಥೆ. ಇನ್ನು ನಿನ್ನ ಹಾಡು ಸ್ಪಾಟಿಫೈನಲ್ಲಿದ್ದರೆ, 2024ರಿಂದ ಅಲ್ಲಿ ಒಂದು ನಿಯಮ: ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ಕಾಸಿಲ್ಲ.

ಹುಡುಗ ಮೊಬೈಲ್ ತೆಗೆದು ನೋಡಿದ. ಅವನ ಹಾಡಿಗೆ 312. "ಇದರಲ್ಲಿ ಇನ್ನೂರು ಅಮ್ಮನದೇ" ಅಂದ, ಮೆತ್ತಗೆ.

ನನಗೂ ಅಯ್ಯೋ ಅನ್ನಿಸಿತು. ಕಾಫಿ ತರಿಸಿದೆ. ನನ್ನ ಮಾತು ನಾಟಿತು, ಒಂದು ಕೆಲಸ ಉಳಿಯಿತು ಅಂತ ಒಳಗೊಳಗೇ ಹಿಗ್ಗಿದೆ. ಅವನು ಲೋಟ ಕೆಳಗಿಟ್ಟು, ಜೇಬಿನಿಂದ ಅರಿಶಿನ ಸವರಿದ ಕಾರ್ಡು ತೆಗೆದ.

"ಮರೆತೇಬಿಟ್ಟೆ ಅಂಕಲ್. ಹದಿನಾಲ್ಕಕ್ಕೆ ಅಕ್ಕನ ರಿಸೆಪ್ಷನ್. ಡಿಜೆ ಬುಕ್ ಮಾಡಿದ್ದೀವಿ, ಎಂಬತ್ತು ಸಾವಿರ. ಅವನು ಊಟಕ್ಕೆ ಹೋದಾಗ ಅರ್ಧ ಗಂಟೆ ಖಾಲಿ ಇರುತ್ತೆ. ನಿಮಗೊಂದು ಅವಕಾಶ ಕೊಡೋಣ ಅಂತ ಅಪ್ಪ ಹೇಳಿದ್ರು."

ಇಷ್ಟು ಹೊತ್ತು ಅವನಿಗೆ ಹೇಳಿದ್ದೆಲ್ಲ ನನ್ನ ತುದಿನಾಲಿಗೆಯಲ್ಲೇ ಇತ್ತು. ಆದರೆ ಬಾಯಿ ತೆರೆದಾಗ ಬಂದದ್ದು ಬೇರೆ.

"ಎಷ್ಟು ಗಂಟೆಗೆ ಬರಬೇಕಪ್ಪ?"