ತಪ್ಪೊಪ್ಪಿಗೆಯೇ ಜಾಮೀನು

ಕಳ್ಳತನ ಮಾಡಿ ಸಿಕ್ಕಿಬಿದ್ದವನು ಕಟಕಟೆಯಲ್ಲಿ ನಿಂತು, ‘ಹೌದು ಸ್ವಾಮಿ, ಕದ್ದೆ. ಬೇಕಂತಲೇ ಕದ್ದೆ. ಇನ್ನೂ ಒಂದು ಮನೆಗೆ ಕನ್ನ ಹಾಕಲು ದಾರಿ ಸಿಗಲಿಲ್ಲ, ಅದೊಂದೇ ಕೊರಗು’ ಎಂದರೆ ಏನಾದೀತು? ಅವನ ವಕೀಲ ತಲೆ ಚಚ್ಚಿಕೊಂಡಾನು. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ, ಸಂಸತ್ ಕ್ಷೇತ್ರಗಳ ಗಡಿ ಎಳೆಯುವ ಮಹನೀಯರ ಮಟ್ಟಿಗೆ ಮಾತ್ರ, ಇದಕ್ಕಿಂತ ಒಳ್ಳೆಯ ಪ್ರತಿವಾದ ಇನ್ನೊಂದಿಲ್ಲ. ಅಲ್ಲಿ ಅಲ್ಲಗಳೆದವನು ಕೋರ್ಟು ಅಲೆಯುತ್ತಾನೆ, ಒಪ್ಪಿಕೊಂಡವನು ಗೆದ್ದು ಮನೆಗೆ ಹೋಗುತ್ತಾನೆ. ರಾಜಕಾರಣಿಗಳು ನಿಜ ಹೇಳುವುದಿಲ್ಲ ಎಂದು ಗೊಣಗುವವರು ಒಮ್ಮೆ ಆ ಪುಣ್ಯಕ್ಷೇತ್ರಕ್ಕೆ ಯಾತ್ರೆ ಹೋಗಿಬರಬೇಕು.

ಮೊದಲು ಅಲ್ಲಿನ ಪದ್ಧತಿ ತಿಳಿಯೋಣ. ಹತ್ತು ವರ್ಷಕ್ಕೊಮ್ಮೆ ಜನಗಣತಿ. ಅದರ ಲೆಕ್ಕದ ಮೇಲೆ ಕೆಳಮನೆಯ 435 ಸ್ಥಾನಗಳು ಐವತ್ತು ರಾಜ್ಯಗಳಿಗೆ ಹಂಚಿಕೆಯಾಗುತ್ತವೆ. ನಾರ್ತ್ ಕೆರೊಲಿನಾಕ್ಕೆ ಮೊದಲು 13 ಇದ್ದವು, 2020ರ ಗಣತಿಯ ನಂತರ 14. ಆ ಕ್ಷೇತ್ರಗಳ ಗಡಿ ಎಳೆಯುವವರು ರಾಜ್ಯದ ಶಾಸಕರು. ಅಂದರೆ ಪಕ್ಷದ ಟಿಕೆಟ್ಟಿನಲ್ಲಿ ಗೆದ್ದು ಬಂದವರೇ ತಮ್ಮ ಪಕ್ಷ ಮುಂದೆ ಎಲ್ಲೆಲ್ಲಿ ಗೆಲ್ಲಬೇಕೆಂದು ಅಳೆದು ಕೊಡುತ್ತಾರೆ. ಬೇಡ ಎನ್ನಲು ಗವರ್ನರ್‌ಗೂ ಅಧಿಕಾರವಿಲ್ಲ. ಬಹುಪಾಲು ಮಸೂದೆಗಳಿಗೆ ವೀಟೊ ಹಾಕಬಹುದು, ಈ ನಕ್ಷೆಗೆ ಹಾಕುವಂತಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಗತಿ ಎಂದು ನಮ್ಮ ಹಿರಿಯರು ಚಿಂತಿಸಿದ್ದರು. ಆ ಬೇಲಿಗೆ ಕಾಲು ಮೂಡಿಸಿ, ಹಸಿರು ಕಂಡ ಕಡೆಗೆಲ್ಲ ತಾನೇ ನಡೆದುಹೋಗುವಂತೆ ಮಾಡಿದ್ದು ಅಮೆರಿಕನ್ನರ ಸಾಧನೆ.

ಈ ನಡೆದಾಟದ ಅತಿ ಪ್ರಸಿದ್ಧ ಫಲ 1992ರ 12ನೇ ಕ್ಷೇತ್ರ. ಆಗ ಶಾಸನಸಭೆ ಡೆಮಾಕ್ರಟರ ಕೈಯಲ್ಲಿತ್ತು. ಕಪ್ಪುವರ್ಣೀಯರು ಬಹುಸಂಖ್ಯಾತರಾಗಿರುವ ಕ್ಷೇತ್ರ ಒಂದೇ ಏಕೆ, ಎರಡು ಮಾಡಬಹುದಿತ್ತಲ್ಲ ಎಂದು ಕೇಂದ್ರದ ನ್ಯಾಯ ಇಲಾಖೆ ತಕರಾರು ತೆಗೆಯಿತು. ತಕರಾರಿನಲ್ಲಿ ಹುರುಳಿತ್ತು: 1901ರಲ್ಲಿ ಕಪ್ಪುವರ್ಣೀಯ ಸಂಸದ ಜಾರ್ಜ್ ಹೆನ್ರಿ ವೈಟ್ ಅವರ ಅವಧಿ ಮುಗಿದ ಮೇಲೆ ತೊಂಬತ್ತು ವರ್ಷ ಆ ರಾಜ್ಯದಿಂದ ಒಬ್ಬ ಕಪ್ಪುವರ್ಣೀಯರೂ ಸಂಸತ್ತಿನ ಮೆಟ್ಟಿಲು ಹತ್ತಿರಲಿಲ್ಲ. ಶಾಸಕರು ನ್ಯಾಯ ಒದಗಿಸಲು ಒಪ್ಪಿದರು, ತಮ್ಮ ಹಾಲಿ ಸಂಸದರ ಕುರ್ಚಿಗೆ ಚ್ಯುತಿ ಬಾರದಂತೆ. ಹೀಗಾಗಿ ಹೊಸ ಕ್ಷೇತ್ರ ಡರ್ಹಮ್‌ನಿಂದ ಷಾರ್ಲಟ್ ಕಡೆಗೆ, 85ನೇ ಅಂತರರಾಜ್ಯ ಹೆದ್ದಾರಿಯ ಬೆನ್ನು ಹತ್ತಿ ಸುಮಾರು 160 ಮೈಲಿ ತೆವಳಿತು. ಬಹುದೂರದವರೆಗೆ ಅದರ ಅಗಲ ಹೆದ್ದಾರಿಯಷ್ಟೇ. ಒಂದು ಕೌಂಟಿಯಲ್ಲಿ ಉತ್ತರಕ್ಕೆ ಹೋಗುವ ಕಾರು ಒಂದು ಕ್ಷೇತ್ರದಲ್ಲಿ, ಪಕ್ಕದಲ್ಲೇ ದಕ್ಷಿಣಕ್ಕೆ ಬರುವ ಕಾರು ಇನ್ನೊಂದರಲ್ಲಿ; ಮುಂದಿನ ಕೌಂಟಿ ಮುಟ್ಟಿದೊಡನೆ ಅದಲುಬದಲು. ಈ ಚಿತ್ರ ಸಿಗುವುದು 1993ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ. ಕಾರಿನ ಎರಡೂ ಬಾಗಿಲು ತೆರೆದುಕೊಂಡು ಆ ರಸ್ತೆಯಲ್ಲಿ ಹೋದರೆ ಕ್ಷೇತ್ರದ ಬಹುಪಾಲು ಜನ ಸತ್ತೇ ಹೋಗುತ್ತಾರೆ ಎಂದು ಅಲ್ಲಿನ ಶಾಸಕರೊಬ್ಬರು ಆಡಿದ ಮಾತನ್ನೂ ನ್ಯಾಯಮೂರ್ತಿಗಳು ಬಿಡದೆ ದಾಖಲಿಸಿದ್ದಾರೆ.

ಅಲ್ಲಿಂದ ಮುಂದೆ ಹತ್ತು ವರ್ಷ ಆ ಒಂದು ಕ್ಷೇತ್ರವೇ ವಕೀಲರ ಸಂಸಾರ ಸಾಕಿತು. ನಾಲ್ಕು ಸಲ ಸುಪ್ರೀಂ ಕೋರ್ಟ್ ಕಂಡಿತು. ಗಡಿ ಎಳೆಯುವಾಗ ಜನಾಂಗವೇ ಮುಖ್ಯ ಕಾರಣವಾಗಿದ್ದರೆ ತಪ್ಪು ಎಂದು ಕೋರ್ಟು ಹೇಳುತ್ತಲೇ ಬಂತು. ಕೊನೆಗೆ 2001ರಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ತಿದ್ದಿದ ನಕ್ಷೆಗೆ ಅಸ್ತು ಎಂದಿತು. ಕಾರಣ? ಮುಖ್ಯ ಉದ್ದೇಶ ಜನಾಂಗ ಎಂಬುದು ಸಾಬೀತಾಗಿಲ್ಲ, ಪಕ್ಷ ರಾಜಕಾರಣವೂ ಇದ್ದೀತು. ಆ ರಾಜ್ಯದ ಕಪ್ಪುವರ್ಣೀಯರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಂಬತ್ತು ಮಂದಿ ಡೆಮಾಕ್ರಟರಿಗೆ ಮತ ಹಾಕುತ್ತಾರೆ. ಅದೇ ಬೀದಿ, ಅದೇ ಮನೆ, ಅದೇ ಮತದಾರ. ಚರ್ಮ ನೋಡಿ ಸರಿಸಿದೆ ಎಂದರೆ ಸಂವಿಧಾನಕ್ಕೆ ಅಪಚಾರ. ಬ್ಯಾಲೆಟ್ ನೋಡಿ ಸರಿಸಿದೆ ಎಂದರೆ ದೈನಂದಿನ ಆಡಳಿತ. ಈ ಮಂತ್ರೋಪದೇಶ ಸಿಕ್ಕ ದಿನದಿಂದ ಶಾಸಕರ ಬಾಯಲ್ಲಿ ಸತ್ಯ ಧಾರಾಕಾರವಾಗಿ ಸುರಿಯತೊಡಗಿತು.

2010ರಲ್ಲಿ ಶಾಸನಸಭೆ ರಿಪಬ್ಲಿಕನ್ನರಿಗೆ ಒಲಿಯಿತು. ಅವರು ಎಳೆದ ಗಡಿಯ ಮೇಲೆ 2012ರ ಚುನಾವಣೆ ನಡೆದಾಗ, ಕೆಳಮನೆಗೆ ಬಿದ್ದ ಮತಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಡೆಮಾಕ್ರಟರಿಗೆ ಹೋದವು. ಸ್ಥಾನಗಳು? 13ರಲ್ಲಿ 4. 2016ರ ಫೆಬ್ರುವರಿಯಲ್ಲಿ ಫೆಡರಲ್ ಕೋರ್ಟು ಇದರಲ್ಲಿ ಎರಡು ಕ್ಷೇತ್ರಗಳಿಗೆ ಜನಾಂಗದ ವಾಸನೆ ಹಿಡಿದು ನಕ್ಷೆಯನ್ನೇ ಹರಿದು, ಎರಡು ವಾರದಲ್ಲಿ ಹೊಸದು ತನ್ನಿ ಎಂದಿತು. ಆಗ ಶಾಸನಸಭೆಯ ಸಮಿತಿಯ ಸಭೆಯಲ್ಲಿ ಎದ್ದುನಿಂತವರು ರಿಪಬ್ಲಿಕನ್ ಶಾಸಕ ಡೇವಿಡ್ ಲೂಯಿಸ್. ಹತ್ತು ರಿಪಬ್ಲಿಕನ್, ಮೂರು ಡೆಮಾಕ್ರಟ್ ಬರುವಂತೆ ಗಡಿ ಎಳೆಯೋಣ ಎಂದು ಸೂಚಿಸಿದರು. ಹತ್ತೇ ಏಕೆ ಎಂಬುದಕ್ಕೂ ಕಾರಣ ಕೊಟ್ಟರು: ಹನ್ನೊಂದು–ಎರಡು ಬರುವ ನಕ್ಷೆ ಎಳೆಯಲು ಸಾಧ್ಯವೆಂದು ತಮಗೆ ಅನಿಸುವುದಿಲ್ಲವಂತೆ. ‘ಪಕ್ಷದ ಲಾಭ’ ಎಂಬುದನ್ನು ಲಿಖಿತ ಮಾನದಂಡಗಳ ಪಟ್ಟಿಯಲ್ಲೇ ಸೇರಿಸಿದರು. ಸಂಕೋಚ ಎಂಬ ಪ್ರಾಣಿ ಆ ಸಭೆಗೆ ರಜೆ ಚೀಟಿ ಕಳಿಸಿತ್ತು.

ಮಾನದಂಡಕ್ಕೆ ಸಮಿತಿ ಒಪ್ಪಿಗೆ ಕೊಡುವ ಹೊತ್ತಿಗೆ ನಕ್ಷೆ ಬಹುಪಾಲು ಸಿದ್ಧವಾಗಿತ್ತು. ಅದನ್ನು ಎಳೆದವರು ಟಾಮಸ್ ಹಾಫೆಲರ್, ಈ ಕಲೆಯ ಮಹಾಮಹೋಪಾಧ್ಯಾಯರು. ಗ್ರೀನ್ಸ್‌ಬರೊ ಊರಿನಲ್ಲಿ ಅವರ ಕೈಚಳಕ ನೋಡಿ. ಅಲ್ಲಿ ನಾರ್ತ್ ಕೆರೊಲಿನಾ ಎ ಅಂಡ್ ಟಿ ವಿಶ್ವವಿದ್ಯಾಲಯವಿದೆ; ಕಪ್ಪುವರ್ಣೀಯರಿಗಾಗಿ ಹುಟ್ಟಿದ ವಿದ್ಯಾಸಂಸ್ಥೆಗಳಲ್ಲಿ ದೇಶಕ್ಕೇ ದೊಡ್ಡದು. 1960ರ ಫೆಬ್ರುವರಿ 1ರಂದು ಊಟದ ಕೌಂಟರಿನಲ್ಲಿ ಬಿಳಿಯರ ಪಕ್ಕ ಕೂತು, ಏಳುವುದಿಲ್ಲ ಎಂದ ನಾಲ್ವರು ಹುಡುಗರು ಅಲ್ಲಿನ ವಿದ್ಯಾರ್ಥಿಗಳೇ. 2016ರ ಗಡಿ ಕ್ಯಾಂಪಸ್ಸಿನ ನಡುವಿನ ಲಾರೆಲ್ ಸ್ಟ್ರೀಟ್ ಹಿಡಿದು ಹಾದುಹೋಯಿತು. ರಸ್ತೆಯ ಈಚೆ ಹಾಸ್ಟೆಲ್ ಇದ್ದವರು ಒಂದು ಕ್ಷೇತ್ರ, ಆಚೆ ಇದ್ದವರು ಇನ್ನೊಂದು. ಒಂದು 6, ಒಂದು 13. ಬೆಳಿಗ್ಗೆ ತರಗತಿಗೆ ಹೋಗುವ ಹುಡುಗ ರಸ್ತೆ ದಾಟಿದರೆ ಸಂಸದರು ಬದಲು. ಎರಡೂ ಕಡೆ ಗೆದ್ದದ್ದು ರಿಪಬ್ಲಿಕನ್ನರೇ ಆದ್ದರಿಂದ ಯಾರಿಗೂ ತಾರತಮ್ಯವಾಯಿತು ಎನ್ನುವಂತಿಲ್ಲ. ಒಟ್ಟು ಫಲಿತಾಂಶ ಲೂಯಿಸ್ ನುಡಿದಂತೆಯೇ, ಹತ್ತು–ಮೂರು. ನಮ್ಮ ಚುನಾವಣಾ ಜ್ಯೋತಿಷಿಗಳು ಹೊಟ್ಟೆಕಿಚ್ಚು ಪಡಬೇಕು.

ಈ ನಕ್ಷೆಯ ಪ್ರಕರಣವೂ ಸುಪ್ರೀಂ ಕೋರ್ಟಿಗೆ ಹೋಯಿತು. ಜೊತೆಗೆ ಮೇರಿಲ್ಯಾಂಡಿನ ಇನ್ನೊಂದು ಪ್ರಕರಣ. ಅಲ್ಲಿ ಇದೇ ಕಸುಬನ್ನು ಡೆಮಾಕ್ರಟರು ಮಾಡಿದ್ದರು. 2019ರ ಜೂನ್ 27ರಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬಹುಮತದ ತೀರ್ಪು ಬರೆದರು. ಇದು ಪ್ರಜಾಪ್ರಭುತ್ವಕ್ಕೆ ಒಗ್ಗುವಂಥದ್ದಲ್ಲ ಎಂದು ಒಪ್ಪಿಕೊಂಡು, ಆದರೆ ಪಕ್ಷಲಾಭದ ಗಡಿಯನ್ನು ಅಳೆಯುವ ಕೋಲು ಫೆಡರಲ್ ಕೋರ್ಟುಗಳ ಬಳಿ ಇಲ್ಲ ಎಂದು ಕೈತೊಳೆದರು. ನ್ಯಾಯಮೂರ್ತಿ ಎಲೆನಾ ಕೇಗನ್ ಭಿನ್ನಮತ ಬರೆದು ನೊಂದುಕೊಂಡರು. ಲೂಯಿಸ್ ಅವರ ಹೇಳಿಕೆ ಈ ವ್ಯಾಜ್ಯದ ಉದ್ದಕ್ಕೂ ಪ್ರಮುಖ ಸಾಕ್ಷ್ಯವಾಗಿತ್ತು. ಸಾಕ್ಷ್ಯ ಹಾಗೇ ಉಳಿಯಿತು, ಅಪರಾಧವೇ ಪಟ್ಟಿಯಿಂದ ಹೋಯಿತು.

ಹಾಫೆಲರ್ ಅದನ್ನು ನೋಡಲು ಇರಲಿಲ್ಲ, 2018ರಲ್ಲೇ ತೀರಿಕೊಂಡಿದ್ದರು. ಇ–ಮೇಲ್ ಸೈತಾನನ ಸಾಧನ, ಎಚ್ಚರವಿರಲಿ ಎಂದು ಶಿಷ್ಯರಿಗೆ ಪಾಠದ ಸ್ಲೈಡಿನಲ್ಲೇ ಬರೆದುಕೊಟ್ಟಿದ್ದವರು. ಅವರು ಹೋದ ಮೇಲೆ ಸಿಕ್ಕ ಹಾರ್ಡ್ ಡಿಸ್ಕುಗಳಲ್ಲಿ ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಫೈಲುಗಳಿದ್ದವು. ಮಗಳೇ ಅವನ್ನು ಎದುರಾಳಿ ವಕೀಲರ ಕೈಗೆ ಒಪ್ಪಿಸಿದರು. ಗುರುಗಳು ಸೈತಾನನನ್ನು ಅಂಚೆಯಲ್ಲಿ ಹುಡುಕುತ್ತ ಮನೆಯ ಕಪಾಟು ಮರೆತಿದ್ದರು.

ಆ ಫೈಲುಗಳ ಬಲದಿಂದ ರಾಜ್ಯದ ಕೋರ್ಟು ಶಾಸನಸಭಾ ಕ್ಷೇತ್ರಗಳ ನಕ್ಷೆಯನ್ನು ತಳ್ಳಿಹಾಕಿದಾಗ ನಡೆದ ಪ್ರಾಯಶ್ಚಿತ್ತ ಇನ್ನೂ ಸೊಗಸು. ತಾವು ಪಕ್ಷಪಾತಿಗಳಲ್ಲ ಎಂದು ತೋರಿಸಲು ಸೆನೆಟರ್‌ಗಳು ರಾಜ್ಯ ಲಾಟರಿಯ ಯಂತ್ರ ತರಿಸಿ, ಚೆಂಡು ಉರುಳಿಸಿ, ಕಂಪ್ಯೂಟರ್ ತಯಾರಿಸಿದ ನಕ್ಷೆಗಳಲ್ಲಿ ಒಂದನ್ನು ಆರಿಸಿದರು. ಮನುಷ್ಯರ ಕೈಗಿಂತ ಪ್ಲಾಸ್ಟಿಕ್ ಚೆಂಡಿನ ಮೇಲೆ ಜನಕ್ಕೆ ಹೆಚ್ಚು ನಂಬಿಕೆ ಎಂದು ಶಾಸನಸಭೆಯೇ ಸಾರಿದ ಪ್ರಸಂಗ ಬೇರೆ ಕಡೆ ಸಿಗಲಿಕ್ಕಿಲ್ಲ.

ನ್ಯಾಯಮೂರ್ತಿಗಳೂ ಹಿಂದೆ ಬೀಳಲಿಲ್ಲ. ಆ ರಾಜ್ಯದಲ್ಲಿ ಅವರೂ ಪಕ್ಷದ ಹೆಸರಿನಲ್ಲೇ ಚುನಾವಣೆಗೆ ನಿಲ್ಲುವವರು. 2022ರ ಫೆಬ್ರುವರಿಯಲ್ಲಿ ಡೆಮಾಕ್ರಟ್ ಬಹುಮತದ ರಾಜ್ಯ ಸುಪ್ರೀಂ ಕೋರ್ಟು, ಪಕ್ಷಲಾಭದ ಗಡಿ ರಾಜ್ಯ ಸಂವಿಧಾನಕ್ಕೆ ವಿರುದ್ಧ ಎಂದಿತು. ನವೆಂಬರಿನ ಚುನಾವಣೆಯಲ್ಲಿ ಪೀಠದ ಬಹುಮತ ರಿಪಬ್ಲಿಕನ್ನರ ಪಾಲಾಯಿತು. 2023ರ ಏಪ್ರಿಲ್‌ನಲ್ಲಿ ಅದೇ ಕೋರ್ಟು ಅದೇ ಸಂವಿಧಾನವನ್ನು ಮತ್ತೆ ಓದಿ, ವಿರುದ್ಧವೇನೂ ಕಾಣುವುದಿಲ್ಲ ಎಂದಿತು. ಒಂದಕ್ಷರವೂ ಬದಲಾಗಿರಲಿಲ್ಲ, ಕನ್ನಡಕ ಬದಲಾಗಿತ್ತು. ಪರಿಣಾಮ ನೋಡಿ: 2022ರಲ್ಲಿ ಕೋರ್ಟಿನ ನಕ್ಷೆಯ ಮೇಲೆ ಏಳು–ಏಳು, 2024ರಲ್ಲಿ ಶಾಸಕರ ನಕ್ಷೆಯ ಮೇಲೆ ಹತ್ತು–ನಾಲ್ಕು. ಆ 2024ರ ಅದೇ ದಿನ ಅದೇ ಜನ ಅಧ್ಯಕ್ಷ ಪದವಿಗೆ ಟ್ರಂಪ್ ಅವರನ್ನೂ ಗವರ್ನರ್ ಪದವಿಗೆ ಡೆಮಾಕ್ರಟ್ ಜೋಶ್ ಸ್ಟೈನ್ ಅವರನ್ನೂ ಆರಿಸಿದ್ದರು. ಎರಡಕ್ಕೂ ಇಡೀ ರಾಜ್ಯವೇ ಒಂದು ಕ್ಷೇತ್ರ. ರಾಜ್ಯದ ಗಡಿಗೆ ಇನ್ನೂ ಯಾರೂ ಪೆನ್ಸಿಲ್ ಹಚ್ಚಿಲ್ಲವಾದ್ದರಿಂದ ಜನರ ಮನಸ್ಸು ಅಲ್ಲಿ ಮಾತ್ರ ಇದ್ದಂತೆ ಕಾಣುತ್ತದೆ.

ಇಷ್ಟಕ್ಕೇ ತೃಪ್ತಿಯಾಗಲಿಲ್ಲ. ಹೊಸ ಗಣತಿ ಬರುವ ಮೊದಲೇ, 2025ರ ಅಕ್ಟೋಬರಿನಲ್ಲಿ, ಮತ್ತೆ ನಕ್ಷೆ ಬಿಚ್ಚಿದರು. ಈ ಸಲ ಕಣ್ಣು ಬಿದ್ದದ್ದು ಈಶಾನ್ಯದ 1ನೇ ಕ್ಷೇತ್ರದ ಮೇಲೆ. 1992ರಿಂದ ಸತತವಾಗಿ ಕಪ್ಪುವರ್ಣೀಯ ಪ್ರತಿನಿಧಿಗಳನ್ನೇ ಕಳಿಸಿದ ಕ್ಷೇತ್ರವದು. ಪಕ್ಕದ 3ನೇ ಕ್ಷೇತ್ರದೊಂದಿಗೆ ಕೌಂಟಿಗಳನ್ನು ಅದಲುಬದಲು ಮಾಡಿದರು. ರಾಜ್ಯ ಸೆನೆಟರ್ ರಾಲ್ಫ್ ಹೈಸ್ ಮುಚ್ಚುಮರೆ ಮಾಡಲಿಲ್ಲ: ಇದರ ಉದ್ದೇಶ ಸರಳ, ಒಂದೇ ಒಂದು, ಇನ್ನೊಂದು ರಿಪಬ್ಲಿಕನ್ ಸ್ಥಾನ. 2016ರಲ್ಲಿ ಲೂಯಿಸ್ ಅವರಿಗೆ ಅಸಾಧ್ಯವೆನಿಸಿದ್ದ ಹನ್ನೊಂದು ಈಗ ಕೈಗೆಟುಕುವ ಹಾಗಾಯಿತು. ವಿಜ್ಞಾನ ಮುಂದುವರಿಯುತ್ತದೆ.

ಆ ರಾಜ್ಯದ ಕ್ಯಾರಿ, ಮಾರಿಸ್‌ವಿಲ್ ಊರುಗಳಲ್ಲಿ ನಮ್ಮ ಸಾಫ್ಟ್‌ವೇರ್ ಕನ್ನಡಿಗರು ಸಾಕಷ್ಟಿದ್ದಾರೆ. ಅವರಿಗೆ ಇದೆಲ್ಲ ವಿಚಿತ್ರವೆನಿಸಬಹುದು. ಏಕೆಂದರೆ ತವರಿನಲ್ಲಿ ರೋಗ ಇದಕ್ಕೆ ಉಲ್ಟಾ. ಲೋಕಸಭೆಯಲ್ಲಿ ರಾಜ್ಯಗಳ ಪಾಲು 1971ರ ಜನಗಣತಿಯ ಲೆಕ್ಕಕ್ಕೇ ನಿಂತಿದೆ; ಕರ್ನಾಟಕಕ್ಕೆ 28, ಅಂದಿಗೂ ಇಂದಿಗೂ. ಗಡಿ ಎಳೆಯುವುದು ಆಯೋಗ, ಅದರ ಆದೇಶವನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಎನ್ನುತ್ತದೆ ಕಾಯ್ದೆ. ಸಂಸದರು, ಶಾಸಕರು ಅದರಲ್ಲಿ ಮತವಿಲ್ಲದ ಸಹ ಸದಸ್ಯರು. ನಮ್ಮವರು ಹೆಮ್ಮೆ ಪಡುವ ಮುನ್ನ ಒಂದು ಮಾತು: ಡಿಲಿಮಿಟೇಷನ್ ಮಾತು ಬಂದರೆ ದಕ್ಷಿಣ, ಉತ್ತರ ಎಂದು ಎಲ್ಲರೂ ತಮ್ಮ ತಮ್ಮ ಲಾಭ ಎಣಿಸುತ್ತಾರೆ. ನಾರ್ತ್ ಕೆರೊಲಿನಾದವರು ಎಣಿಸಿದ್ದನ್ನು ಗಟ್ಟಿಯಾಗಿ ಓದುತ್ತಾರೆ, ಅಷ್ಟೇ ವ್ಯತ್ಯಾಸ.

ಮದ್ದು ಏನು ಎಂದು ಕೇಳುವವರಿದ್ದಾರೆ. ಪೆನ್ಸಿಲ್ಲನ್ನು ಸ್ವತಂತ್ರ ಆಯೋಗಕ್ಕೆ ಕೊಡಿ ಎಂಬುದು ಸಜ್ಜನರ ಉತ್ತರ. ನಾರ್ತ್ ಕೆರೊಲಿನಾದಲ್ಲಿ ಜನರು ತಾವಾಗಿ ಅಂಥ ಪ್ರಶ್ನೆಯನ್ನು ಮತಕ್ಕೆ ಹಾಕುವಂತಿಲ್ಲ. ಅದಕ್ಕೂ ಶಾಸಕರ ಕೃಪೆ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಜನರೇ ಮತ ಹಾಕಿ ಆಯೋಗ ಪಡೆದಿದ್ದರು. ಟೆಕ್ಸಸ್‌ನ ರಿಪಬ್ಲಿಕನ್ನರು 2025ರಲ್ಲಿ ಟ್ರಂಪ್ ಕೇಳಿದ ಐದು ಸ್ಥಾನಕ್ಕೆ ಗಡಿ ತಿದ್ದಿದರು. ಅದಕ್ಕೆ ಸೇಡು ತೀರಿಸಲು ಕ್ಯಾಲಿಫೋರ್ನಿಯಾದ ಡೆಮಾಕ್ರಟರು ಆಯೋಗದ ನಕ್ಷೆಯನ್ನು ಕೆಲ ಕಾಲ ಬದಿಗಿಡೋಣ ಎಂದು ಜನರನ್ನೇ ಕೇಳಿದರು. ಕೇಳಿದ ರೀತಿಯಲ್ಲೂ ಮರೆಮಾಚುವಿಕೆ ಇರಲಿಲ್ಲ. ನಮ್ಮ ಪಕ್ಷಕ್ಕೂ ಐದು ಬೇಕು ಎಂದೇ ಕೇಳಿದರು. ನವೆಂಬರಿನಲ್ಲಿ ಜನ ದೊಡ್ಡ ಬಹುಮತದಿಂದ ಹೂಂ ಅಂದರು. ಮೊದಲು ಶಾಸಕರು ತಪ್ಪೊಪ್ಪಿಕೊಂಡರು, ಆಮೇಲೆ ನ್ಯಾಯಮೂರ್ತಿಗಳು ಅದು ತಪ್ಪೇ ಆದರೂ ತಮ್ಮ ಕೆಲಸವಲ್ಲ ಎಂದರು, ಈಗ ಮತದಾರರೇ ಸಹಿ ಹಾಕಿದ್ದಾರೆ. ಇನ್ನು ಆ ದೇಶದಲ್ಲಿ ಕ್ಷೇತ್ರದ ಗಡಿಯ ಬಗ್ಗೆ ಸುಳ್ಳು ಹೇಳಬೇಕಾದ ದರ್ದು ಯಾರಿಗೂ ಇಲ್ಲ.